ಜೀವಾಣು ಗೊಬ್ಬರ ಹಾಕಿದರೂ ಮೆಕ್ಕೆಜೋಳ ಏಳುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಮೃಗಶಿರಾ ಮಳೆಗೆ ಬಿತ್ತಿದ ಮೆಕ್ಕೆಜೋಳ ಪುನರ್ವಸು ಮುಗಿಯುವ ಹೊತ್ತಿಗೆ ಮೊಣಕಾಲುದ್ದ ಬಂದಿರಬೇಕು. ಬಂದಿಲ್ಲದ ಹೊಲಗಳಿಂದ ದಾವಣಗೆರೆ, ಚಿತ್ರದುರ್ಗದ ಕಡೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. "ಅಜೋಸ್ಪಿರಿಲಂ ಹಾಕಿದ್ದೆ, ಪಿಎಸ್‌ಬಿ ಹಾಕಿದ್ದೆ. ಆದರೂ ಪೈರು ಹಳದಿ. ಇನ್ನೊಂದು ಪ್ಯಾಕೆಟ್ ಹಾಕಲಾ?" ಎರಡೂ ಜೀವಂತ ಬ್ಯಾಕ್ಟೀರಿಯಾ ಇರುವ ಗೊಬ್ಬರ. ಅಜೋಸ್ಪಿರಿಲಂ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಪಿಎಸ್‌ಬಿ ಮಣ್ಣಿನಲ್ಲಿ ಕರಗದೆ ಕೂತ ರಂಜಕ ಕರಗಿಸುತ್ತದೆ.

ಹಾಕಬೇಡಿ. ಈಗಲೇ ಬೇಡ. ಮೊದಲ ಪ್ಯಾಕೆಟ್ ಯಾಕೆ ಕೆಲಸ ಮಾಡಲಿಲ್ಲ ಎಂದು ಗೊತ್ತಾಗದೆ ಎರಡನೆಯದನ್ನು ಹಾಕಿದರೆ ಅದೂ ಅಲ್ಲೇ ಹೋಗುತ್ತದೆ. ನಾನು ನೋಡಿದ ಹೊಲಗಳಲ್ಲಿ ಕಾರಣ ಹೆಚ್ಚಾಗಿ ಈ ಮೂರರಲ್ಲಿ ಒಂದು. ಬ್ಯಾಕ್ಟೀರಿಯಾ ಬೇರಿಗೆ ಮುಟ್ಟುವ ಮೊದಲೇ ಸತ್ತಿರುತ್ತವೆ. ಇಲ್ಲವೇ ಜೀವಂತ ಮುಟ್ಟಿದರೂ ಆ ಮಣ್ಣಿನಲ್ಲಿ ಬದುಕುವುದಕ್ಕೆ ಏನೂ ಇರುವುದಿಲ್ಲ. ಇಲ್ಲವೇ ಪೈರಿಗೆ ಬಂದಿರುವ ತೊಂದರೆ ಬ್ಯಾಕ್ಟೀರಿಯಾದಿಂದ ಸರಿಯಾಗುವಂಥದ್ದೇ ಅಲ್ಲ. ಕೊನೆಯದನ್ನು ಮೊದಲು ನೋಡೋಣ. ಅದಕ್ಕೆ ಖರ್ಚಿಲ್ಲ, ಹೊಲದಲ್ಲಿ ನಿಂತೇ ತಿಳಿಯಬಹುದು.

ಇವುಗಳಿಂದ ಎಷ್ಟು ಕೆಲಸ ನಿರೀಕ್ಷಿಸಬಹುದು

ಲೆಕ್ಕ ಸರಿಯಾಗಿರಲಿ. ಒಂದು ಕ್ವಿಂಟಾಲ್ ಮೆಕ್ಕೆಜೋಳ ಬೆಳೆಯಲು ಪೈರು ಸುಮಾರು 2ರಿಂದ 2.5 ಕೆಜಿ ಸಾರಜನಕ ಎಳೆದುಕೊಳ್ಳುತ್ತದೆ. ಎಕರೆಗೆ 25 ಕ್ವಿಂಟಾಲ್ ಬೇಕು ಅಂದರೆ 50 ಕೆಜಿಗೂ ಜಾಸ್ತಿ. ಅಜೋಸ್ಪಿರಿಲಂ ಚೆನ್ನಾಗಿ ನೆಲೆನಿಂತರೆ ಎಕರೆಗೆ 8ರಿಂದ 10 ಕೆಜಿ ಸಾರಜನಕದ ಲಾಭ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20.7 ಕೆಜಿ ಸಾರಜನಕ ಇರುತ್ತದೆ. ಅಂದರೆ ಎಲ್ಲವೂ ಸರಿ ಹೋದರೂ ಉಳಿಯುವುದು ಅರ್ಧ ಚೀಲ ಯೂರಿಯಾ. "ಜೀವಾಣು ಹಾಕಿದ್ದೇನೆ, ಯೂರಿಯಾ ಬೇಡ" ಎಂದು ಕೂತವರ ಹೊಲ ಹಳದಿ ಆದರೆ ತಪ್ಪು ಪ್ಯಾಕೆಟ್ಟಿನದಲ್ಲ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್ ಶಿಫಾರಸು ಇದೆ. ಅದರಲ್ಲಿ ಕಾಲು ಭಾಗದಷ್ಟು ಸಾರಜನಕ ಕಡಿಮೆ ಮಾಡಬಹುದು. ಪೂರ್ತಿ ನಿಲ್ಲಿಸುವ ಹಾಗಿಲ್ಲ.

ಅಜೋಸ್ಪಿರಿಲಂನ ಇನ್ನೊಂದು ಕೆಲಸವೇ ನನ್ನ ಪ್ರಕಾರ ದೊಡ್ಡದು. ಅದು ಬೇರಿನ ಹತ್ತಿರ ಬೆಳವಣಿಗೆಯ ಹಾರ್ಮೋನು ಬಿಡುತ್ತದೆ. ಸಣ್ಣ ಬೇರು, ಬೇರಿನ ರೋಮ ಜಾಸ್ತಿ ಬರುತ್ತವೆ. ಮಳೆ ಹತ್ತು ದಿನ ಕೈಕೊಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ. ಬ್ರೆಜಿಲ್‌ನಲ್ಲಿ ಮಣ್ಣಿನ ಜೀವಾಣು ವಿಜ್ಞಾನಿ ಯೊಹಾನ್ನಾ ಡೊಬೆರೈನರ್ 1970ರ ದಶಕದಲ್ಲಿ ಹುಲ್ಲು ಜಾತಿಯ ಬೆಳೆಗಳ ಬೇರಿನಲ್ಲಿ ಈ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಿದ ಮೇಲೆಯೇ ಮೆಕ್ಕೆಜೋಳಕ್ಕೆ ಇದರ ಬಳಕೆ ಹಬ್ಬಿದ್ದು. ಈಗಲೂ ಅಲ್ಲಿನ ರೈತರು ಮೆಕ್ಕೆಜೋಳಕ್ಕೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತಾರೆ.

ಮೊದಲು ಎಲೆ ನೋಡಿ

ಬೆಳಿಗ್ಗೆ ಎಂಟರೊಳಗೆ ಹೊಲಕ್ಕೆ ಹೋಗಿ. ಯಾವ ಎಲೆ ಹಳದಿ, ಎಲೆಯ ಯಾವ ಭಾಗ ಹಳದಿ, ಈ ಎರಡನ್ನೇ ನೋಡಿ.

ಕೆಳಗಿನ ಹಳೆಯ ಎಲೆ ತುದಿಯಿಂದ ಶುರುವಾಗಿ ನಡುನರದ ಉದ್ದಕ್ಕೆ ಇಂಗ್ಲಿಷಿನ 'ವಿ' ಆಕಾರದಲ್ಲಿ ಹಳದಿ ಆಗಿದ್ದರೆ ಸಾರಜನಕ ಸಾಲದು. ಅದೇ ಕೆಳಗಿನ ಎಲೆಯ ಅಂಚು ಮಾತ್ರ ಸುಟ್ಟ ಹಾಗಿದ್ದು ನಡು ಹಸಿರಾಗಿದ್ದರೆ ಪೊಟ್ಯಾಷ್. ಎಳೆ ಪೈರಿನ ಎಲೆ ಅಂಚು ನೇರಳೆ ಬಣ್ಣಕ್ಕೆ ತಿರುಗಿದ್ದರೆ ರಂಜಕದ ಮೇಲೆ ಅನುಮಾನ ಪಡಬಹುದು. ಆದರೆ ಮೋಡ ಮುಸುಕಿದ ತಂಪಿನಲ್ಲೂ, ಬೇರಿಗೆ ಏಟಾದಾಗಲೂ ನೇರಳೆ ಬರುತ್ತದೆ. ಕೆಲವು ತಳಿಗಳ ಗುಣವೇ ಹಾಗೆ. ಬಿಸಿಲು ಬಂದು ಒಂದು ವಾರಕ್ಕೆ ಬಣ್ಣ ಹೋದರೆ ಚಿಂತೆ ಬೇಡ.

ಮೇಲಿನ ಎಳೆ ಎಲೆಯಲ್ಲಿ, ಬುಡದ ಕಡೆಯಿಂದ, ನಡುನರದ ಎರಡೂ ಪಕ್ಕ ಬಿಳಿಚಿದ ಅಗಲ ಪಟ್ಟಿ ಕಂಡರೆ ಜಿಂಕ್ ಕೊರತೆ. ನಮ್ಮ ಕಡೆ ಇದು ಜಾಸ್ತಿ. ವರ್ಷ ವರ್ಷ ಡಿಎಪಿ ಸುರಿದ ಹೊಲದಲ್ಲಿ ರಂಜಕ ಹೆಚ್ಚಾಗಿ ಪೈರಿಗೆ ಜಿಂಕ್ ಸಿಗುವುದು ಇನ್ನೂ ಕಷ್ಟವಾಗುತ್ತದೆ. ಅಜೋಸ್ಪಿರಿಲಂ ಎಷ್ಟು ಹಾಕಿದರೂ ಈ ಬಿಳಿ ಪಟ್ಟಿ ಹೋಗದು. ಒಂದು ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಿ. ವಾರ, ಹತ್ತು ದಿನ ಬಿಟ್ಟು ಇನ್ನೊಂದು ಸಲ.

ಕೇದಿಗೆ ರೋಗವನ್ನು ಜಿಂಕ್ ಕೊರತೆ ಎಂದು ತಿಳಿಯುವವರೂ ಇದ್ದಾರೆ. ಕೇದಿಗೆ ಬಂದ ಗಿಡದ ಎಲೆ ಕಿರಿದಾಗಿ ನೆಟ್ಟಗೆ ನಿಂತಿರುತ್ತದೆ, ಉದ್ದುದ್ದ ಬಿಳಿ ಗೆರೆ ಇರುತ್ತದೆ. ಇಬ್ಬನಿ ಆರುವ ಮುಂಚೆ ಎಲೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಬೆಳಿಗ್ಗೆ ಹೋಗಿ ಅಂದಿದ್ದು ಇದಕ್ಕೇ. ಆ ಗಿಡಗಳನ್ನು ಕಿತ್ತು ಹೊಲದ ಹೊರಗೆ ಹಾಕಿ. ಅಲ್ಲಿ ಗೊಬ್ಬರದ ಮಾತೇ ಬರುವುದಿಲ್ಲ.

ಹಳದಿ ಎಲ್ಲಿ ಹರಡಿದೆ ಎನ್ನುವುದೂ ಮುಖ್ಯ. ಹೊಲದ ತಗ್ಗಿನಲ್ಲಿ ಮಾತ್ರ ಹಳದಿ ಇದ್ದರೆ ನೀರು ನಿಂತಿದೆ. ಅಲ್ಲಲ್ಲಿ ತೇಪೆ ಹಾಕಿದಂತೆ ಗಿಡ ಬಾಡುತ್ತಿದ್ದರೆ, ಅದರಲ್ಲೂ ಕೆಂಪು ಮರಳು ನೆಲದಲ್ಲಿ, ಗೊಣ್ಣೆ ಹುಳು ಬೇರು ತಿನ್ನುತ್ತಿರಬಹುದು. ಕೂರಿಗೆಯ ಸಾಲಿನ ಉದ್ದಕ್ಕೆ ಒಂದು ಸಾಲು ಚೆನ್ನಾಗಿದ್ದು ಪಕ್ಕದ್ದು ಕುಗ್ಗಿದ್ದರೆ ಕೂರಿಗೆಯ ಒಂದು ಕೊಳವೆ ಕಟ್ಟಿಕೊಂಡಿತ್ತು ಎಂದೇ ಅರ್ಥ. ಇವು ಮೂರೂ ಅಲ್ಲ, ಇಡೀ ಹೊಲ ಒಂದೇ ಸಮ ಬಡಕಲು ಅಂದರೆ ಮುಂದೆ ಓದಿ.

ಬೇರು ಕೀಳಬೇಡಿ, ಅಗೆದು ತೆಗೆಯಿರಿ

ಕಿತ್ತರೆ ನೋಡಬೇಕಾದ್ದೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಗಿಡದ ಸುತ್ತ ಒಂದು ಗೇಣು ಬಿಟ್ಟು ಸನಿಕೆಯಿಂದ ಅಗೆದು ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಆಮೇಲೆ ಮೆಲ್ಲಗೆ ಅಲ್ಲಾಡಿಸಿ. ಒಳ್ಳೆಯ ಸಾಲಿನಿಂದ ಒಂದು, ಕುಗ್ಗಿದ ಸಾಲಿನಿಂದ ಒಂದು ತೆಗೆದು ಬಿಳಿ ಚೀಲದ ಮೇಲೆ ಪಕ್ಕಪಕ್ಕ ಇಡಿ.

ನೀರಿಗೆ ಹಾಕುವ ಮುಂಚೆಯೇ ಒಂದು ಸಂಗತಿ ಗಮನಿಸಿ. ಜೀವ ಇರುವ ಬೇರಿಗೆ ಮಣ್ಣು ಅಂಗಿಯ ತೋಳಿನ ಹಾಗೆ ಸುತ್ತ ಅಂಟಿಕೊಂಡಿರುತ್ತದೆ, ಕೊಡವಿದರೂ ಪೂರ್ತಿ ಉದುರುವುದಿಲ್ಲ. ಬೇರು ಬಿಡುವ ಅಂಟು, ರೋಮ, ಅಲ್ಲಿ ಕೂತ ಜೀವಾಣು ಎಲ್ಲ ಸೇರಿ ಮಾಡುವ ಕೆಲಸ ಅದು. ಕೊಡವಿದ ಕೂಡಲೇ ಬೇರು ಬತ್ತಲೆ ಆದರೆ ರೋಮ ಬಂದಿಲ್ಲ.

ತೊಳೆದ ಮೇಲೆ ಬಣ್ಣ ನೋಡಿ. ಬೆಳ್ಳಗಿದ್ದು ಕವಲು ತುಂಬ ಇದ್ದರೆ ಚೆನ್ನ. ಕಂದು ಬಣ್ಣ, ಕೊಳೆತ ವಾಸನೆ ಬಂದರೆ ನೀರು ನಿಂತು ಉಸಿರು ಕಟ್ಟಿದೆ. ತುಂಡಾಗಿದ್ದರೆ ಗುಂಡಿಯ ಮಣ್ಣನ್ನು ಕೈಯಲ್ಲಿ ಜಾಲಾಡಿ, ಗೊಣ್ಣೆ ಹುಳು ಸಿಗುತ್ತದೆ. ಬೇರು ಐದಾರು ಇಂಚು ಇಳಿದು ಅಲ್ಲಿಂದ ಕೆಳಗೆ ಹೋಗದೆ ಅಡ್ಡಕ್ಕೆ ತಿರುಗಿದ್ದರೆ ಕೆಳಗೆ ಗಟ್ಟಿ ಪದರ ಇದೆ. ಜಗಳೂರಿನ ಕಡೆಯ ಒಂದು ಕೆಂಪು ಹೊಲದಲ್ಲಿ ಹೀಗೆ ತೆಗೆದ ಗಿಡದ ಬೇರೆಲ್ಲ ತಟ್ಟೆಯ ತಳದಂತೆ ಚಪ್ಪಟೆಯಾಗಿತ್ತು. ಗುಂಡಿಯ ತಳಕ್ಕೆ ಸನಿಕೆ ತಾಗಿದರೆ ಕಲ್ಲಿಗೆ ತಾಗಿದ ಸದ್ದು. ಅಲ್ಲಿ ಕಲ್ಲಿರಲಿಲ್ಲ, ವರ್ಷಕ್ಕೆರಡು ಸಲ ರೋಟವೇಟರ್ ಒಂದೇ ಆಳಕ್ಕೆ ಹೊಡೆದು ಹೊಡೆದು ಕೂತ ಮಣ್ಣು. ಆ ರೈತರು ಎರಡು ಬಗೆಯ ಜೀವಾಣು ಹಾಕಿದ್ದರು. ಬೇರಿಗೇ ಜಾಗ ಇಲ್ಲದ ಮೇಲೆ ಜೀವಾಣು ಎಲ್ಲಿ ಕೂರಬೇಕು?

ಇನ್ನೊಂದು ಮಾತು. ಮೆಕ್ಕೆಜೋಳದ ಬೇರಿನಲ್ಲಿ ಗಂಟು ಹುಡುಕಬೇಡಿ. ಶೇಂಗಾ, ತೊಗರಿ, ಅಲಸಂದೆಯ ಬೇರಿನಲ್ಲಿ ರೈಜೋಬಿಯಂ ಗಂಟು ಕಟ್ಟುತ್ತದೆ. ಅದನ್ನು ನೋಡಿ ಅಭ್ಯಾಸ ಆದವರು "ನಮ್ಮ ಜೋಳದಲ್ಲಿ ಗಂಟೇ ಬಂದಿಲ್ಲ, ಔಷಧಿ ಡುಪ್ಲಿಕೇಟು" ಅನ್ನುತ್ತಾರೆ. ಅಜೋಸ್ಪಿರಿಲಂ ಗಂಟು ಕಟ್ಟುವುದೇ ಇಲ್ಲ. ಬೇರಿನ ಮೇಲೆ, ಸ್ವಲ್ಪ ಹೊರಪದರದೊಳಗೆ ಇರುತ್ತದೆ ಅಷ್ಟೇ. ಹಾಗೆಯೇ ಮೆಕ್ಕೆಜೋಳಕ್ಕೆಂದು ಯಾರಾದರೂ ರೈಜೋಬಿಯಂ ಕೊಟ್ಟರೆ ತೆಗೆದುಕೊಳ್ಳಬೇಡಿ. ಅಕ್ಕಡಿ ತೊಗರಿಗೆ ಬೇಕಾದರೆ ತೊಗರಿಯದೇ ಕೇಳಿ ತನ್ನಿ.

ಬೀಜದ ಬಣ್ಣ: ಎಲ್ಲಕ್ಕಿಂತ ದೊಡ್ಡ ಅನುಮಾನ ಇಲ್ಲೇ

ಎಲೆ, ಬೇರು ನೋಡಿಯೂ ಬೇರೆ ಕಾರಣ ಸಿಗದಿದ್ದರೆ ಬಿತ್ತಿದ ದಿನವನ್ನು ನೆನಪು ಮಾಡಿಕೊಳ್ಳಿ. ಬೀಜ ಯಾವ ಬಣ್ಣ ಇತ್ತು?

ಹೈಬ್ರಿಡ್ ಬೀಜ ಗುಲಾಬಿಯೋ ಕೆಂಪೋ ನೀಲಿಯೋ ಹಸಿರೋ ಬಣ್ಣ ಬಳಿದುಕೊಂಡೇ ಚೀಲಕ್ಕೆ ಬರುತ್ತದೆ. ಬಣ್ಣ ಸುಮ್ನೆ ಚೆಂದಕ್ಕಲ್ಲ. ಇದಕ್ಕೆ ವಿಷ ಹಚ್ಚಿದೆ, ತಿನ್ನಬೇಡಿ ಎಂಬ ಸೂಚನೆ. ಥೈರಾಮ್, ಕ್ಯಾಪ್ಟಾನ್, ಮೆಟಲಾಕ್ಸಿಲ್‌ನಂಥ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಈಚೆಗೆ ಕೀಟನಾಶಕವೂ ಸೇರಿದೆ. 2018ರ ಮೇ ತಿಂಗಳಲ್ಲಿ ಇಡೀ ದೇಶದಲ್ಲೇ ಮೊದಲು ಫಾಲ್ ಸೈನಿಕ ಹುಳು ಕಂಡಿದ್ದು ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅಲ್ಲಿಂದೀಚೆಗೆ ಬೀಜಕ್ಕೇ ಸಯಾಂಟ್ರನಿಲಿಪ್ರೋಲ್, ಥಯಾಮೆಥಾಕ್ಸಾಮ್ ಲೇಪಿಸಿ ಮಾರುವುದು ಬಂದಿದೆ. ಚೀಲದ ಮೇಲೆ ಏನು ಹಚ್ಚಿದೆ ಎಂದು ಬರೆದಿರುತ್ತದೆ. ಓದಿ.

ಈ ಬೀಜದ ಮೇಲೆ ಬೆಲ್ಲದ ನೀರು ಚಿಮುಕಿಸಿ ಅಜೋಸ್ಪಿರಿಲಂ ಹಚ್ಚಿದರೆ ಏನಾಗುತ್ತದೆ? ಥೈರಾಮ್, ಕ್ಯಾಪ್ಟಾನ್ ಬ್ಯಾಕ್ಟೀರಿಯಾಕ್ಕೂ ಆಗಿಬರುವುದಿಲ್ಲ. ಬಿತ್ತುವ ಮುಂಚೆಯೇ ಬಹುಪಾಲು ಸಾಯುತ್ತವೆ. ಒಂದು ಲೆಕ್ಕ ನೋಡಿ. ಒಳ್ಳೆಯ 200 ಗ್ರಾಂ ಪ್ಯಾಕೆಟ್ಟಿನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿಯಂತೆ 1,000 ಕೋಟಿ ಜೀವಾಣು. 60 ಸೆಂ.ಮೀ. ಸಾಲು, 20 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 33,000 ಗಿಡ. ಎಲ್ಲವೂ ಅಂಟಿದರೆ ಒಂದು ಬೀಜಕ್ಕೆ 3 ಲಕ್ಷ. ಕೇಳಲು ದೊಡ್ಡ ಸಂಖ್ಯೆ. ಆದರೆ ಹೊಲದ ಒಂದು ಗ್ರಾಂ ಮಣ್ಣಿನಲ್ಲೇ ಮೊದಲಿಂದ ಇರುವ ಬ್ಯಾಕ್ಟೀರಿಯಾ ಕೋಟಿಗಟ್ಟಲೆ. ನೂರಕ್ಕೆ ತೊಂಬತ್ತೊಂಬತ್ತು ಬೀಜದ ಮೇಲೆಯೇ ಸತ್ತು ಉಳಿದ ಮೂರು ಸಾವಿರ ಆ ಗುಂಪಿನಲ್ಲಿ ಬೇರಿನ ಮೇಲೆ ಜಾಗ ಹಿಡಿಯುವುದು ಆಗದ ಮಾತು.

ಹಾಗಂತ ಬೀಜ ತೊಳೆಯಬೇಡಿ. ತೊಳೆದು ಬಣ್ಣ ಬಿಡಿಸಿ ಜೀವಾಣು ಹಚ್ಚುವವರನ್ನು ಕಂಡಿದ್ದೇನೆ. ಆ ನೀರು ಕೈಗೆ, ಮನೆ ಮುಂದಿನ ಕೋಳಿಗೆ, ದನದ ತೊಟ್ಟಿಗೆ ಹೋಗುತ್ತದೆ. ನೆನೆದ ಬೀಜದ ಮೊಳಕೆಯೂ ಕೆಡುತ್ತದೆ. ಔಷಧಿ ಹಚ್ಚದ ಬೀಜವೇ ಬೇಕೆಂದು ಹುಡುಕಿಕೊಂಡು ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಕೇದಿಗೆ ರೋಗ, ಸೈನಿಕ ಹುಳು ಎರಡೂ ಇರುವ ನಾಡು ನಮ್ಮದು. ಎಳೆ ಪೈರಿಗೆ ಆ ಲೇಪನದ ರಕ್ಷಣೆ ಬೇಕು.

ದಾರಿ ಸುಲಭ ಇದೆ. ಬೀಜಕ್ಕೆ ಹಚ್ಚುವ ಬದಲು ಜೀವಾಣುವನ್ನು ಗೊಬ್ಬರದ ಜೊತೆ ಸಾಲಿಗೆ ಕೊಡಿ. ಎಕರೆಗೆ ಅಜೋಸ್ಪಿರಿಲಂ 2 ಕೆಜಿ, ಪಿಎಸ್‌ಬಿ 2 ಕೆಜಿ. ಇವನ್ನು ಚೆನ್ನಾಗಿ ಕಳಿತು ಪುಡಿಯಾದ 100 ಕೆಜಿ ತಿಪ್ಪೆ ಗೊಬ್ಬರಕ್ಕೋ ಎರೆಗೊಬ್ಬರಕ್ಕೋ ಬೆರೆಸಿ. ಹಿಡಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ ಮಾಡಿ. ನೆರಳಿನಲ್ಲಿ ಗುಡ್ಡೆ ಹಾಕಿ ಒದ್ದೆ ಗೋಣಿ ಮುಚ್ಚಿ. ನಡುವೆ ಒಂದು ಸಲ ತಿರುವಿ. ಐದಾರು ದಿನಕ್ಕೆ ಜೀವಾಣು ಗೊಬ್ಬರದೊಳಗೇ ಹೆಚ್ಚುತ್ತವೆ. ಬಿತ್ತುವ ದಿನ ಸಾಲಿಗೆ ಬಿಟ್ಟು ಮಣ್ಣು ಮುಚ್ಚಿ. ದ್ರವ ರೂಪದ್ದಾದರೆ ಎಕರೆಗೆ ಅರ್ಧ ಲೀಟರ್ ಇದೇ ಗೊಬ್ಬರಕ್ಕೆ ಬೆರೆಸಿದರೆ ಆಯಿತು.

ಮನೆಯಲ್ಲೇ ಇಟ್ಟ ನಾಟಿ ಬೀಜ, ಬಣ್ಣ ಇಲ್ಲದ್ದು, ಆದರೆ ಬೀಜಕ್ಕೇ ಹಚ್ಚಬಹುದು. 200 ಗ್ರಾಂ ಪ್ಯಾಕೆಟ್ 8ರಿಂದ 10 ಕೆಜಿ ಬೀಜಕ್ಕೆ ಸಾಕು. ಬೆಲ್ಲದ ಪಾಕ ಅಥವಾ ಅಕ್ಕಿ ಗಂಜಿ ಪೂರ್ತಿ ಆರಿರಬೇಕು. ಬಿಸಿ ಇರುವಾಗ ಹಚ್ಚಿದರೆ ಅಲ್ಲೇ ಮುಗಿಯಿತು. ನೆರಳಿನಲ್ಲಿ ಅರ್ಧ ಗಂಟೆ ಆರಿಸಿ ಅವತ್ತೇ ಬಿತ್ತಬೇಕು.

ಪ್ಯಾಕೆಟ್ ಮತ್ತು ಅದು ಬಂದ ದಾರಿ

ಖಾಲಿ ಪ್ಯಾಕೆಟ್ ಬಿಸಾಡಬೇಡಿ. ಜೀವಾಣು ಗೊಬ್ಬರ 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಬರುತ್ತದೆ. ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿಲಿಲೀಟರ್‌ಗೆ ಕನಿಷ್ಠ 10 ಕೋಟಿ ಜೀವಂತ ಜೀವಾಣು ಇರಬೇಕು. ಯಾವ ಜೀವಾಣು, ಬ್ಯಾಚ್ ನಂಬರ್, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಮೇಲೆ ಅಚ್ಚಾಗಿರಬೇಕು. ಇವು ಇಲ್ಲದ ಬಾಟಲಿ ಎಷ್ಟೇ ಥಳಥಳ ಇದ್ದರೂ ಬೇಡ. ಪುಡಿ ಸಾಮಾನ್ಯವಾಗಿ 6 ತಿಂಗಳು, ದ್ರವ ಒಂದು ವರ್ಷ ಇರುತ್ತದೆ.

ದಿನಾಂಕ ಸರಿ ಇದ್ದರೂ ಸಾಲದು. ಏಪ್ರಿಲ್, ಮೇ ಬಿಸಿಲಿನಲ್ಲಿ ಅದನ್ನು ಎಲ್ಲಿ ಇಟ್ಟಿದ್ದರು? ತಗಡಿನ ಶೀಟಿನ ಗೋಡೌನಿನಲ್ಲಿ, ಯೂರಿಯಾ ಚೀಲದ ಮೇಲೆ, ಕೀಟನಾಶಕದ ಡಬ್ಬಿಯ ಪಕ್ಕ ಇದ್ದರೆ ಅವಧಿ ಮುಗಿಯುವ ಮೊದಲೇ ಅದರ ಆಯುಷ್ಯ ಮುಗಿದಿರುತ್ತದೆ. ಬೈಕಿನ ಟ್ಯಾಂಕ್ ಮೇಲಿನ ಬ್ಯಾಗಿನಲ್ಲಿ ಮಧ್ಯಾಹ್ನ ಮನೆಗೆ ತಂದರೂ ಅದೇ ಕತೆ. ಪುಡಿ ಕಲ್ಲಿನ ಹಾಗೆ ಗಟ್ಟಿ ಕಟ್ಟಿದ್ದರೆ, ಪೂರ್ತಿ ಒಣಗಿ ಧೂಳಾಗಿದ್ದರೆ, ಕೊಳೆತ ವಾಸನೆ ಬಂದರೆ ಹಾಕಬೇಡಿ. ಒಳ್ಳೆಯ ಪುಡಿಯಲ್ಲಿ ಮುಟ್ಟಿದರೆ ತಿಳಿಯುವಷ್ಟು ತೇವ ಇರುತ್ತದೆ.

ಒಳಗಿನವು ಜೀವಂತವೋ ಅಲ್ಲವೋ ಎಂದು ಮನೆಯಲ್ಲಿ ಹೇಳಲು ಆಗುವುದಿಲ್ಲ. ಪ್ರಯೋಗಾಲಯವೇ ಬೇಕು. ಪಿಎಸ್‌ಬಿಯನ್ನು ನೀರಿನಲ್ಲಿ ಕರಗದ ಬಿಳಿ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆತ ತಟ್ಟೆಯಲ್ಲಿ ಬೆಳೆಸಿದರೆ ಪ್ರತಿ ಚುಕ್ಕೆಯ ಸುತ್ತ ತಿಳಿಯಾದ ಉಂಗುರ ಬೀಳುತ್ತದೆ. ಅಜೋಸ್ಪಿರಿಲಂ ಬೆಳೆಸಿದ ನಳಿಕೆಯಲ್ಲಿ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಬಿಳಿ ಪೊರೆ ಕಟ್ಟಿ ಹಸಿರು ದ್ರಾವಣ ನೀಲಿಗೆ ತಿರುಗುತ್ತದೆ. ಒಂದೇ ಅಂಗಡಿಯಲ್ಲಿ ತಂದ ನಾಲ್ಕಾರು ಜನರ ಹೊಲದಲ್ಲಿ ಒಂದೇ ಥರ ಆಗಿದ್ದರೆ, ಒಡೆಯದ ಒಂದು ಪ್ಯಾಕೆಟ್ ಉಳಿಸಿ ರೈತ ಸಂಪರ್ಕ ಕೇಂದ್ರಕ್ಕೆ ಬಿಲ್ಲು ಸಮೇತ ಕೊಡಿ.

ಬಿತ್ತಿದ ದಿನ ಏನಾಯಿತು

ಮಳೆ ಬಂದೇ ಬರುತ್ತದೆ ಎಂದು ಒಣ ನೆಲಕ್ಕೆ ಬಿತ್ತಿ ಮಳೆ ಹತ್ತು ದಿನ ತಡವಾಯಿತಾ? ಬೀಜ ತಡೆಯುತ್ತದೆ, ಜೀವಾಣು ತಡೆಯುವುದಿಲ್ಲ. ಬಿಸಿಲಿಗೆ ಕಾದ ಕೆಂಪು ಮಣ್ಣಿನ ಮೇಲ್ಪದರದಲ್ಲಿ ಅವು ಬೇಗ ಸಾಯುತ್ತವೆ.

ಟ್ರ್ಯಾಕ್ಟರ್ ಕೂರಿಗೆಯ ಗೊಬ್ಬರದ ಡಬ್ಬಿಗೆ ಡಿಎಪಿ ಜೊತೆ ಜೀವಾಣು ಪುಡಿ ಸುರಿದಿರಾ? ಇದು ತುಂಬ ಕಡೆ ನಡೆಯುತ್ತದೆ, ಒಂದೇ ಕೆಲಸದಲ್ಲಿ ಎರಡೂ ಮುಗಿಯುತ್ತದಲ್ವಾ ಎಂದು. ಡಿಎಪಿ ಕಾಳು ತೇವ ಹೀರಿ ಕರಗುವಾಗ ಸುತ್ತ ಉಪ್ಪು, ಅಮೋನಿಯಾ ಎರಡೂ ಏರುತ್ತವೆ. ಅದಕ್ಕೆ ಅಂಟಿದ ಜೀವಾಣು ಉಳಿಯುವುದಿಲ್ಲ. ಅಲ್ಲದೆ ಸುತ್ತ ಸಾರಜನಕ ಧಾರಾಳ ಇರುವಾಗ ಅಜೋಸ್ಪಿರಿಲಂ ಗಾಳಿಯ ಸಾರಜನಕ ಹಿಡಿಯುವ ಗೋಜಿಗೇ ಹೋಗುವುದಿಲ್ಲ. ಆದ್ದರಿಂದ ಬಿತ್ತುವಾಗ ಪೂರ್ತಿ ಯೂರಿಯಾ ಕೊಡಬೇಡಿ. ಅರ್ಧ ಬಿತ್ತುವಾಗ, ಉಳಿದದ್ದು ಎಡೆಕುಂಟೆ ಹೊಡೆಯುವಾಗ.

ಸುಳಿಗೆ ಸೈನಿಕ ಹುಳುವಿನ ಔಷಧಿ ಹೊಡೆದಿದ್ದರಿಂದ ಜೀವಾಣು ಸತ್ತವಾ ಎಂದು ಕೇಳುತ್ತಾರೆ. ಸುಳಿಗೆ ಬಿದ್ದದ್ದು ಬೇರಿನವರೆಗೆ ಹೋಗುವುದು ಅತಿ ಕಡಿಮೆ. ಅದಕ್ಕೆ ಹೆದರಿ ಹುಳು ಬಿಡಬೇಡಿ. ಆದರೆ ಬುಡಕ್ಕೆ ತಾಮ್ರದ ಔಷಧಿ ಅಥವಾ ಸ್ಟ್ರೆಪ್ಟೊಸೈಕ್ಲಿನ್ ಸುರಿದಿದ್ದರೆ ಅದು ಬೇರೆ ಮಾತು.

ಮಣ್ಣಿಗೆ ಹೋಗೋಣ

ಜೀವಾಣು ಜೀವಂತ ಬಂದವು, ತೇವವೂ ಇತ್ತು, ಆದರೂ ಏಳಲಿಲ್ಲ ಅಂದರೆ ಮಣ್ಣೇ ಕಾರಣ. ಮೂರು ಪರೀಕ್ಷೆ ಮನೆಯಲ್ಲೇ ಮಾಡಬಹುದು.

ಹೊಲದಿಂದ ಅಡಿಕೆ ಗಾತ್ರದ ಒಣ ಹೆಂಟೆ ತನ್ನಿ. ವರ್ಷಗಟ್ಟಲೆ ಹುಲ್ಲು ಬೆಳೆದ ಬದುವಿನಿಂದಲೂ ಅಷ್ಟೇ ದೊಡ್ಡದು ತನ್ನಿ. ಎರಡನ್ನೂ ಎರಡು ಲೋಟ ನೀರಿಗೆ ಮೆಲ್ಲಗೆ ಬಿಡಿ. ಬದುವಿನ ಹೆಂಟೆ ಬಹಳ ಹೊತ್ತು ಹಾಗೇ ಇರುತ್ತದೆ. ಹೊಲದ್ದು ಗುಳ್ಳೆ ಬಿಡುತ್ತ ಒಂದೆರಡು ನಿಮಿಷಕ್ಕೆ ಕುಸಿದು ರಾಡಿ ಆದರೆ ಮಣ್ಣನ್ನು ಹಿಡಿದಿಡುವ ಸಾವಯವ ಅಂಶವೇ ಇಲ್ಲ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದೇ ಲೆಕ್ಕ. ಗಾಳಿಯಿಂದ ಸಾರಜನಕ ಹಿಡಿಯಲು ಬ್ಯಾಕ್ಟೀರಿಯಾಕ್ಕೆ ಶಕ್ತಿ ಬೇಕು, ಆ ಶಕ್ತಿ ಇಂಗಾಲದಿಂದಲೇ ಬರಬೇಕು. ವರ್ಷಾ ವರ್ಷಾ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ, ಸೊಪ್ಪೆಗೆ ಬೆಂಕಿ, ದನ ಇಲ್ಲ, ತಿಪ್ಪೆ ಇಲ್ಲ. ಅಂಥ ನೆಲಕ್ಕೆ ಜೀವಾಣು ತಂದು ಬಿಟ್ಟರೆ ಉಪವಾಸಕ್ಕೆ ಬಿಟ್ಟಂತೆ. ನನಗೆ ತುಂಬ ಬೇಸರ ತರಿಸುವುದು ಮಾರ್ಚ್ ತಿಂಗಳಲ್ಲಿ ಹೆದ್ದಾರಿಯ ಎರಡೂ ಕಡೆ ಕಾಣುವ ಆ ಹೊಗೆ.

ಇದರ ಎದುರಿನ ತಪ್ಪೂ ಇದೆ. ಸೊಪ್ಪೆ ಸುಡದೆ, ಆದರೆ ಬಿತ್ತುವ ಮುಂಚಿನ ವಾರವಷ್ಟೇ ಮಣ್ಣಿಗೆ ಸೇರಿಸಿದವರ ಪೈರು ಎರಡು ಮೂರು ವಾರಕ್ಕೆ ಹಳದಿ ಆಗುತ್ತದೆ. ಸೊಪ್ಪೆ ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ತೆಗೆದುಕೊಳ್ಳುತ್ತವೆ. ಅರೆಕಳಿತ ಸಗಣಿ ಗೊಬ್ಬರದಲ್ಲೂ ಹೀಗೇ. ಆಗ ಒಂದು ಕಂತು ಯೂರಿಯಾ ಬೇಗ ಕೊಟ್ಟರೆ ಪೈರು ಚೇತರಿಸುತ್ತದೆ. ಸೊಪ್ಪೆಯನ್ನು ಕೊಯ್ಲು ಮುಗಿದ ಕೂಡಲೇ, ಭೂಮಿಯಲ್ಲಿ ಹಸಿ ಇರುವಾಗಲೇ ತುಂಡರಿಸಿ ಸೇರಿಸಿ.

ಎರಡನೆಯ ಪರೀಕ್ಷೆ ಎರೆ ಭೂಮಿಯವರಿಗೆ. ಹಿರಿಯೂರು, ಹರಿಹರದ ಕಡೆ ಕಪ್ಪು ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳು ಕಾಣುತ್ತದಲ್ವಾ? ಒಣ ಮಣ್ಣಿನ ಮೇಲೆ ನಿಂಬೆ ರಸ ಅಥವಾ ವಿನೆಗರ್ ಹಾಕಿ. ಬುಸುಬುಸು ನೊರೆ ಬಂದರೆ ಸುಣ್ಣ ಜಾಸ್ತಿ. ಪಿಎಸ್‌ಬಿ ಕೆಲಸ ಮಾಡುವುದು ಸಾವಯವ ಆಮ್ಲ ಬಿಟ್ಟು. ಸುಣ್ಣ ಆ ಆಮ್ಲವನ್ನು ಅಲ್ಲೇ ಕೊಂದುಬಿಡುತ್ತದೆ, ರಂಜಕ ಕರಗುವ ಮೊದಲೇ. ಇಂಥ ನೆಲದಲ್ಲಿ ಪಿಎಸ್‌ಬಿಯನ್ನು ಹೊಲದ ತುಂಬ ಎರಚುವುದು ವ್ಯರ್ಥ. ಗೊಬ್ಬರದ ಜೊತೆ ಬೇರಿನ ಸಾಲಿಗೇ ಕೊಡಬೇಕು. ಕೆಂಪು ನೆಲದಲ್ಲಿ ಕತೆ ಬೇರೆ. ಅಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿರುತ್ತವೆ, ಬಿಡಿಸುವುದು ಇನ್ನೂ ಕಷ್ಟ. ರಸಸಾರ (pH) 6ಕ್ಕಿಂತ ಕೆಳಗಿದ್ದರೆ ಸಾರಜನಕ ಹಿಡಿಯುವ ಇನ್ನೊಂದು ಜೀವಾಣು ಅಜಟೋಬ್ಯಾಕ್ಟರ್ ಕೂಡ ಸೊರಗುತ್ತದೆ. ಮಣ್ಣು ಪರೀಕ್ಷೆಯ ವರದಿ ನೋಡಿ ಎಷ್ಟು ಹೇಳಿದೆಯೋ ಅಷ್ಟು ಸುಣ್ಣ ಕೊಡಿ, ಅಂದಾಜಿನಲ್ಲಿ ಬೇಡ. ಕಾರ್ಡಿನ 12 ಅಂಶಗಳಲ್ಲಿ ಜೀವಾಣುಗಳ ಎಣಿಕೆ ಇರುವುದಿಲ್ಲ. ಇಂಗಾಲ, ರಸಸಾರ, ರಂಜಕ, ಜಿಂಕ್ ಈ ನಾಲ್ಕು ಸಾಲು ಓದಿದರೆ ಜೀವಾಣುವಿಗೆ ಅಲ್ಲಿ ಬಾಳು ಇದೆಯೇ ಎಂದು ಊಹಿಸಬಹುದು.

ಮೂರನೆಯದು ಕಬ್ಬಿಣದ ಸರಳು. ಮಳೆ ಬಂದ ಮಾರನೇ ದಿನ ಸಾಲಿನ ನಡುವೆ ಒತ್ತಿ. ಸಲೀಸಾಗಿ ಇಳಿದು ಆರೇಳು ಇಂಚಿಗೆ ಗಕ್ಕನೆ ನಿಂತರೆ, ಬದುವಿನ ಹತ್ತಿರ ಅದೇ ಸರಳು ಇನ್ನೂ ಆಳಕ್ಕೆ ಹೋದರೆ, ಗಟ್ಟಿ ಪದರ ಖಚಿತ. ಈ ಹಂಗಾಮಿಗೆ ಅದಕ್ಕೆ ಮದ್ದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ನೆಲವನ್ನು ಆಳಕ್ಕೆ ಸೀಳುವ ಸಬ್‌ಸಾಯ್ಲರ್ ಹೊಡೆಸಿ ಪದರ ಒಡೆಯಬೇಕು.

ಈಗ ನಿಂತಿರುವ ಪೈರಿಗೆ ಏನು ಮಾಡುವುದು

ಸಾರಜನಕ ಕೊರತೆ ಎಂದು ಎಲೆ ಹೇಳಿದ್ದರೆ ಯೂರಿಯಾ ಕೊಡಿ, ಮಣ್ಣಿನಲ್ಲಿ ಹಸಿ ಇರುವಾಗ, ಸಾಲಿನ ಪಕ್ಕ, ಮಣ್ಣು ಮುಚ್ಚುವಂತೆ. ನೀರು ನಿಂತಿದ್ದರೆ ಮೊದಲು ಬಸಿಗಾಲುವೆ ತೆಗೆಯಿರಿ, ಬಸಿದ ಮೇಲೆ ಎಕರೆಗೆ 20ರಿಂದ 25 ಕೆಜಿ ಯೂರಿಯಾ.

ಬೀಜದ ಮೇಲೆ ಜೀವಾಣು ಸತ್ತಿದೆ ಎಂದು ಖಾತ್ರಿ ಆದವರಿಗೆ ಇನ್ನೊಂದು ಅವಕಾಶ ಇದೆ. ಬಿತ್ತಿ 25ರಿಂದ 30 ದಿನದೊಳಗೆ, ಎಡೆಕುಂಟೆ ಹೊಡೆಯುವ ಹೊತ್ತಿಗೆ, ಮೇಲೆ ಹೇಳಿದಂತೆ ಹದ ಮಾಡಿದ 100 ಕೆಜಿ ಗೊಬ್ಬರವನ್ನು ಮಳೆಯ ಮಾರನೇ ದಿನ ಸಂಜೆ ಬುಡದ ಸಾಲಿಗೆ ಕೊಟ್ಟು ಮುಚ್ಚಿ. ಯೂರಿಯಾಕ್ಕೂ ಇದಕ್ಕೂ ಒಂದು ವಾರದ ಅಂತರ ಇರಲಿ. ಸೂಲಂಗಿ ಬಂದ ಮೇಲೆ ಕೊಡುವುದರಿಂದ ಹಣ ಹೋಗುತ್ತದೆ ಅಷ್ಟೇ.

ಮುಂದಿನ ಮುಂಗಾರಿಗೆ ಒಂದು ಕೆಲಸ ಖಂಡಿತ ಮಾಡಿ. ಒಂದೇ ಥರದ ಮಣ್ಣು ಇರುವ ಕಡೆ ನಾಲ್ಕೈದು ಸಾಲು ಜೀವಾಣು ಇಲ್ಲದೆ ಬಿಡಿ. ಬೀಜ, ಗೊಬ್ಬರ, ಕಳೆ, ನೀರು ಎಲ್ಲ ಒಂದೇ ಇರಲಿ. ಜೀವಾಣು ಹಾಕುವ ತಿಪ್ಪೆ ಗೊಬ್ಬರದಷ್ಟೇ ಗೊಬ್ಬರವನ್ನು ಅಲ್ಲಿಗೂ ಕೊಡಿ, ಇಲ್ಲದಿದ್ದರೆ ಫಲ ಗೊಬ್ಬರದ್ದೋ ಜೀವಾಣುವಿನದೋ ತಿಳಿಯದು. ನಾಲ್ಕು ಕಡೆ ಗೂಟ ಹೊಡೆದು ಗುರುತು ಇಡಿ. ಕೊಯ್ಲಿನಲ್ಲಿ ಎರಡೂ ಕಡೆಯಿಂದ 10 ಮೀಟರ್ ಉದ್ದದ ನಾಲ್ಕು ಸಾಲು ಮುರಿದು, ಒಣಗಿಸಿ, ಕಾಳು ಬಿಡಿಸಿ ತೂಗಿ. 60 ಸೆಂ.ಮೀ. ಸಾಲಾದರೆ ಅದು 24 ಚದರ ಮೀಟರ್. ಬಂದ ಕೆಜಿಯನ್ನು 169ರಿಂದ ಗುಣಿಸಿದರೆ ಎಕರೆಯ ಇಳುವರಿ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಅಂಗಡಿಯವರ ಮಾತೂ ಬೇಡ, ನನ್ನ ಮಾತೂ ಬೇಡ.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೋ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಫೋನಿನ ಫೋಟೋ ಒಂದೇ ಸಾಲದು. ಕುಗ್ಗಿದ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು, ಎರಡೂ ಬೇರಿನ ಹೆಂಟೆ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿರಲಿ. ಬೀಜದ ಚೀಲದ ಚೀಟಿ, ಜೀವಾಣುವಿನ ಖಾಲಿ ಪ್ಯಾಕೆಟ್, ಮಣ್ಣಿನ ಕಾರ್ಡು ಜೊತೆಗಿರಲಿ. ಬಿತ್ತಿದ ದಿನ, ಮೊದಲ ಮಳೆ ಬಂದ ದಿನ, ಯಾವ ಗೊಬ್ಬರ ಯಾವತ್ತು ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗಿಡ ಅಗೆದ ದಿನವೇ ತಲುಪಿಸಿ.